ಕೆರೆಯ ಲೆಕ್ಕ, ಮಠದ ಲೆಕ್ಕ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ತಿಂಗಳ ಗೋಷ್ಠಿಗೆ ಕಾರ್ಯಕರ್ತರು ಇಟ್ಟ ವಿಷಯ 'ದಾಸೋಹ ತತ್ತ್ವ'. ಆ ವಿಷಯವನ್ನು ನಾವು ಬಿಡುವುದಿಲ್ಲ, ಆದರೆ ಈ ದಿನ ಅದಕ್ಕೆ ಬೇರೊಂದು ಬಾಗಿಲಿನಿಂದ ಪ್ರವೇಶ ಮಾಡಬೇಕೆಂದಿದ್ದೇವೆ. ಲೆಕ್ಕ ಕೇಳುವುದರ ಬಗ್ಗೆ ಮಾತನಾಡುತ್ತೇವೆ. ಸರಕಾರದ ಹಣಕ್ಕೆ ಲೆಕ್ಕ, ಕಂಪನಿಗಳು ಬಳಸುವ ನೆಲ-ಜಲಕ್ಕೆ ಲೆಕ್ಕ, ಕೊನೆಗೆ ಈ ಮಠಕ್ಕೂ ಲೆಕ್ಕ. ಅಧ್ಯಾತ್ಮ ಕೇಳಲು ಬಂದವರಿಗೆ ಅಜ್ಜಾರು ಇಂದು ಪಂಚಾಯತಿ ಕಟ್ಟೆಯ ಮಾತು ಆಡುತ್ತಿದ್ದಾರಲ್ಲ ಎನ್ನಿಸಿದರೆ ಸ್ವಲ್ಪ ತಾಳ್ಮೆಯಿಂದಿರಿ. ನಮ್ಮದೊಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುವುದಿದೆ. ಅದಕ್ಕಾಗಿಯೇ ಈ ವಿಷಯ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯನವರು ನಿತ್ಯ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ತಾಯಿ ಅದನ್ನು ಒಳಗೆ ಇಟ್ಟುಕೊಳ್ಳಲಿಲ್ಲ. ಬೇಕಾದುದಕ್ಕಿಂತ ಹೆಚ್ಚಾದುದು ಇಲ್ಲಿಗೇಕೆ ಬಂತೆಂದು ಗಂಡನನ್ನೇ ಕೇಳಿದರು, ಸುರಿದು ಬನ್ನಿರೆಂದು ಹಿಂದಕ್ಕೆ ಕಳಿಸಿದರು. ಈ ಕಥೆಯನ್ನು ನಾವು ಪ್ರವಚನಗಳಲ್ಲಿ ಸಾವಿರ ಸಲ ಹೇಳಿದ್ದೇವೆ. ಪ್ರತಿಸಲವೂ ನಿರಾಶೆಯ ಕಥೆಯೆಂದು ಹೇಳಿದ್ದೇವೆ. ಆಸೆ ಬಿಡಬೇಕು, ಸಂಗ್ರಹ ಬಿಡಬೇಕು ಎಂದು. ಆದರೆ ಆ ತಾಯಿ ಮಾಡಿದ್ದೇನು? ಲೆಕ್ಕ ಕೇಳಿದರು. ಗಂಡ ಶರಣನೆಂದು, ಅಕ್ಕಿ ದಾಸೋಹಕ್ಕೆಂದು ಸುಮ್ಮನಿರಲಿಲ್ಲ. ಇಷ್ಟು ವರ್ಷ ಹೇಳಿಯೂ ಇದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಕಣ್ಣಿಗೆ ಬೀಳಿಸಿದವರು ಒಬ್ಬ ಟ್ರಾಕ್ಟರ್ ಹೊಡೆಯುವ ಭಕ್ತರು.

ಅವರ ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಶ್ರೀಮಠದ ಭಕ್ತರಿರುವ ಊರುಗಳಲ್ಲಿ ಒಂದು. 2022ರ ಬೇಸಗೆಯಲ್ಲಿ ಆ ಊರಿನ ಕೆರೆಯ ಹೂಳೆತ್ತುವ ಕಾಮಗಾರಿ ನಡೆಯಿತು. ಕಾಮಗಾರಿ ಹಿಡಿದ ಗುತ್ತಿಗೆದಾರರೂ ಶ್ರೀಮಠದ ಭಕ್ತರೇ. ಈ ಭಕ್ತರದು ಒಂದು ಟ್ರಾಕ್ಟರ್. ಎಂಟು ದಿನ ಬಾಡಿಗೆಗೆ ಹೋಗಿ ಹೂಳು ಹೊತ್ತರು. ಡೀಸೆಲ್ ಲೆಕ್ಕಕ್ಕೆಂದು ಕಿಸೆಯಲ್ಲಿ ಒಂದು ಸಣ್ಣ ಡೈರಿ ಇಟ್ಟುಕೊಳ್ಳುವ ರೂಢಿ ಅವರದು. ಎಂಟು ದಿನಕ್ಕೆ 64 ಟ್ರಿಪ್. ಬಾಡಿಗೆಯೂ ಅಷ್ಟಕ್ಕೇ ಬಂತು, ತಕರಾರಿಲ್ಲ.

ಮಳೆಗಾಲದಲ್ಲಿ ನೋಡಿದರೆ ಕೆರೆಯ ಒಂದು ಮೂಲೆ ಮಾತ್ರ ಆಳವಾಗಿತ್ತು. ಅವರಿಗೆ ಸಂಶಯ ಬಂದು, ಓದುವ ಮಗಳ ಕೈಯಿಂದ ಮಾಹಿತಿ ಹಕ್ಕಿನ ಅರ್ಜಿ ಬರೆಸಿ, 10 ರೂಪಾಯಿ ಶುಲ್ಕ ಕಟ್ಟಿ, ಕೆರೆಯ ಬಿಲ್ಲುಗಳ ನಕಲು ಕೇಳಿದರು. ನಕಲು ಬಂತು. ಅದರಲ್ಲಿ ಅವರದೇ ಟ್ರಾಕ್ಟರಿನ ನಂಬರು ಇತ್ತು. ಅದೇ ಎಂಟು ದಿನ. ಟ್ರಿಪ್ಪುಗಳು 236!

ಅವರು ಜಿಲ್ಲಾ ಪಂಚಾಯತಿಗೆ ದೂರು ಬರೆದರು. ಆಮೇಲೆ ನಡೆದದ್ದನ್ನು ನೀವು ಊಹಿಸಬಲ್ಲಿರಿ. ಇಂಥದು ಎಲ್ಲ ಊರಲ್ಲೂ ನಡೆಯುತ್ತದೆ. ಬಾಡಿಗೆ ನಿಂತಿತು. ಮಗಳ ಲಗ್ನದ ಮಾತು ಆಡುತ್ತಿದ್ದ ಬೀಗರು ಹಿಂದೆ ಸರಿದರು. ಊರಿನ ಹಿರಿಯರು ನಾಲ್ಕು ಜನ, ಗುತ್ತಿಗೆದಾರರ ಸಮೇತ, ನಮ್ಮ ಬಳಿ ಬಂದರು. "ಅಜ್ಜಾರ, ಜಾತ್ರಿ ಬಂತು. ಊರಾಗ ಎರಡು ಪಾರ್ಟಿ ಆದ್ರ ತೇರು ಹೆಂಗ ಎಳಿಯೂದ್ರಿ? ನೀವೊಂದು ಮಾತು ಹೇಳಿದ್ರ ಅವ ಕೇಳ್ತಾನ್ರಿ" ಎಂದರು.

ನಾವು ಹೇಳಿದೆವು.

ಅವರನ್ನು ಕರೆಸಿ, ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಬಹಳ ಮೆತ್ತಗೆ ಹೇಳಿದೆವು. ಸಮಾಜದ ಐಕ್ಯ ದೊಡ್ಡದು, ಕ್ಷಮೆ ದೊಡ್ಡದು, ಮಾಡಿದವರು ಉಣ್ಣುತ್ತಾರೆ, ನೀವು ಮನಸ್ಸು ಕೆಡಿಸಿಕೊಳ್ಳಬೇಡಿ ಎಂದೆಲ್ಲ. ಶಾಸ್ತ್ರದಿಂದ ಎರಡು ಶ್ಲೋಕವನ್ನೂ ಹೇಳಿದೆವೆಂದು ನೆನಪು. ಅವರು ತಲೆ ತಗ್ಗಿಸಿ ಕೇಳಿ, ಕೊನೆಗೆ ಇಷ್ಟೇ ಅಂದರು: "ಅಜ್ಜಾರ, ನಾ ಯಾರ ಮ್ಯಾಲೂ ಸಿಟ್ಟಿನಿಂದ ಬರದಿಲ್ರಿ. ಇದು ನನ್ನ ಗಾಡಿ ನಂಬರು. ಎಂಟು ದಿನದಾಗ ಹಗಲು ರಾತ್ರಿ ಹೊಡದ್ರೂ ಇಷ್ಟು ಟ್ರಿಪ್ ಆಗಂಗಿಲ್ರಿ. ನಾಳಿ ಯಾರರ ಕೇಳಿದ್ರ ಕಳ್ಳ ನಾನ ಆಗ್ತೀನಲ್ರಿ?" ನಮ್ಮ ಬಳಿ ಇದಕ್ಕೆ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಗುರುಗಳು ಏನು ಮಾಡುತ್ತಾರೋ ಅದನ್ನೇ ಮಾಡಿದೆವು. ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆವು. ತಿಳಿವಳಿಕೆಯಿಲ್ಲದೆ ಕೊಟ್ಟ ದೂರು ಎಂದು ಬರೆದುಕೊಟ್ಟು ಅವರು ಅದನ್ನು ಹಿಂದಕ್ಕೆ ಪಡೆದರು. ಆ ಬಿಲ್ಲಿನ ನಕಲುಗಳನ್ನು, ಆ ಡೈರಿಯನ್ನು ನಮ್ಮ ಪಾದದ ಹತ್ತಿರ ಇಟ್ಟು ಹೋದರು. ನಾವು ಅವನ್ನು ಕಪಾಟಿನಲ್ಲಿ ಇಟ್ಟೆವು. 2023ರ ಜಾತ್ರೆ ಸಾಂಗವಾಗಿ ಜರುಗಿತು. ತೇರು ಎಲ್ಲಿಯೂ ನಿಲ್ಲಲಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತು. 2023ರ ಬರಗಾಲ ನಿಮಗೆ ನೆನಪಿದೆ; ನಾಡಿನ ಬಹುಪಾಲು ತಾಲೂಕುಗಳನ್ನು ಸರಕಾರ ಬರಪೀಡಿತವೆಂದು ಸಾರಿತು. ಆ ಊರಿನ ಕೆರೆ ಶಿವರಾತ್ರಿಗೆ ಮುಂಚೆಯೇ ಬತ್ತಿತು. ಮಳೆಯಿಲ್ಲದೆ ಬತ್ತಿತೆಂದು ಗುತ್ತಿಗೆದಾರರು ಹೇಳಿದರು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಬತ್ತಿದ ಮೇಲೆ ಕೆರೆಯ ಹೊಟ್ಟೆ ಕಾಣುತ್ತದಲ್ಲ? ಹೂಳು ಹಾಗೆಯೇ ಇತ್ತು. ಪ್ರಸಾದದ ಸಾಲಿನಲ್ಲಿ ನಿಂತ ಒಬ್ಬ ಮುದುಕಿ ಅದನ್ನು ನಮಗೆ ಹೇಳಿದಳು. ದೂರುವ ದನಿಯಲ್ಲಿ ಹೇಳಲಿಲ್ಲ, ಮಳೆ-ಬೆಳೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಇಲ್ಲಿ ಸ್ವಲ್ಪ ಶಾಸ್ತ್ರದ ಮಾತು ಹೇಳಬೇಕು. ಕಾಶಿಯಲ್ಲಿ ಅಧ್ಯಯನ ಮಾಡುತ್ತಿದ್ದಾಗ ವ್ಯಾಕರಣ, ಆಗಮಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನೂ ನಮ್ಮ ಗುರುಗಳು ಓದಿಸಿದ್ದರು. ಈ ಗ್ರಂಥಕ್ಕೂ ಕನ್ನಡನಾಡಿಗೂ ನಂಟಿದೆ. ಎಷ್ಟೋ ಶತಮಾನ ಕಣ್ಮರೆಯಾಗಿದ್ದ ಇದರ ತಾಳೆಗರಿಯ ಪ್ರತಿ ಸಿಕ್ಕಿದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ. ಅದನ್ನು ಗುರುತಿಸಿ 1909ರಲ್ಲಿ ಮುದ್ರಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು. ಜನ ಚಾಣಕ್ಯನೆಂದರೆ ತಂತ್ರ-ಕುತಂತ್ರವೆಂದು ತಿಳಿಯುತ್ತಾರೆ. ಆ ಗ್ರಂಥದ ಎರಡನೆಯ ಅಧಿಕರಣವನ್ನು ಓದಿದರೆ ಅದೊಂದು ಲೆಕ್ಕಪತ್ರದ ಶಾಸ್ತ್ರ. ಎಲ್ಲ ಇಲಾಖೆಗಳ ಲೆಕ್ಕಗಳು ಆಷಾಢ ಹುಣ್ಣಿಮೆಗೆ ಬಂದು ಮುಟ್ಟಬೇಕು. ಪುಸ್ತಕಗಳು ಮುದ್ರೆಯೊತ್ತಿ ಬರಬೇಕು; ತಂದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳದಂತೆ ಬೇರೆ ಬೇರೆ ಇರಿಸಬೇಕು. ಸರಕಾರದ ಹಣ ಕದಿಯುವ ವಿಧಾನಗಳನ್ನು ಅವನು ಎಣಿಸುತ್ತಾನೆ, ನಲವತ್ತು! ಮೊದಲು ಬಂದದ್ದನ್ನು ಆಮೇಲೆ ಬರೆಯುವುದು, ಕೊಟ್ಟದ್ದು ಕಡಿಮೆ, ಬರೆದದ್ದು ಹೆಚ್ಚು, ಒಬ್ಬನಿಗೆ ಕೊಟ್ಟು ಇನ್ನೊಬ್ಬನ ಹೆಸರಿಗೆ ಬರೆಯುವುದು, ಅಳತೆಯಲ್ಲಿ, ತೂಕದಲ್ಲಿ, ಎಣಿಕೆಯಲ್ಲಿ ವ್ಯತ್ಯಾಸ. ಎರಡು ಸಾವಿರ ವರ್ಷದ ಹಿಂದಿನ ಗ್ರಂಥ. ನಮ್ಮ ಕೆರೆಯ ಬಿಲ್ಲು ಅದರಲ್ಲಿದೆ.

ಅಷ್ಟೇ ಆಗಿದ್ದರೆ ನಾವು ನಕ್ಕು ಪುಸ್ತಕ ಮುಚ್ಚುತ್ತಿದ್ದೆವು. ಮುಂದಿನ ಮಾತು ಕೇಳಿರಿ. ಒಬ್ಬ ಅಧಿಕಾರಿಯ ಮೇಲೆ ಸಂಶಯ ಬಂದರೆ, ಅವನು ಕೆಲಸ ಮಾಡಿದ ಪ್ರದೇಶದಲ್ಲಿ ಡಂಗುರ ಸಾರಿಸಬೇಕು. ಇವನಿಂದ ಯಾರಿಗೆ ಹಾನಿಯಾಗಿದೆಯೋ ಅವರು ಬಂದು ತಿಳಿಸಿರಿ ಎಂದು. ಬಂದು ತಿಳಿಸಿದವರಿಗೆ ಅವರ ನಷ್ಟವನ್ನು ತುಂಬಿಸಿಕೊಡಬೇಕು. ಕಳವನ್ನು ತೋರಿಸಿಕೊಟ್ಟವನಿಗೆ, ಅದು ಸಿದ್ಧವಾದರೆ, ಆ ಹಣದಲ್ಲಿ ಆರನೆಯ ಒಂದು ಪಾಲು. ಸುಳ್ಳು ಹೇಳಿದರೆ ಶಿಕ್ಷೆ. ಇದೆಲ್ಲ ಆದ ಮೇಲೆ ಒಂದು ವಿಧಿಯಿದೆ: ಆರೋಪಿತನ ಪುಸಲಾವಣೆಗೆ ಒಳಗಾಗಿ ದೂರನ್ನು ಕೈಬಿಟ್ಟ ಸೂಚಕನಿಗೆ ವಧದಂಡ. ಇಂದಿಗೆ ಅದು ಕ್ರೂರ ಶಿಕ್ಷೆ, ನಾವು ಅದನ್ನು ಒಪ್ಪುವುದಿಲ್ಲ. ಆದರೆ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಮಾತು ಆ ರಾತ್ರಿ ನಮ್ಮ ಎದೆಗೆ ಬಂದು ತಾಗಿತು. ದೂರು ಕೈಬಿಟ್ಟವನಿಗೇ ಅಷ್ಟು ಶಿಕ್ಷೆಯಾದರೆ, ಆರೋಪಿತನ ಮಾತನ್ನು ಹೊತ್ತುಕೊಂಡು ಹೋಗಿ ಕೈಬಿಡಿಸಿದವನಿಗೆ? ಅವನು ಕಾವಿ ತೊಟ್ಟಿದ್ದರೆ? ಕೌಟಿಲ್ಯ ಅದನ್ನು ಬರೆದಿಲ್ಲ. ಗುರುವಾದವನು ಇಂಥ ಕೆಲಸ ಮಾಡಿಯಾನೆಂದು ಅವನಿಗೂ ಹೊಳೆದಿರಲಿಕ್ಕಿಲ್ಲ.

ಕೌಟಿಲ್ಯನ ಚಿಂತೆ ರಾಜನ ಬೊಕ್ಕಸದ್ದು. ಇಂದು ರಾಜರಿಲ್ಲ, ಬೊಕ್ಕಸ ನಮ್ಮ ನಿಮ್ಮೆಲ್ಲರದು. ಬೆಂಕಿಪೆಟ್ಟಿಗೆ ಕೊಂಡರೂ ತೆರಿಗೆ ಕಟ್ಟುತ್ತೇವೆ. ಹೀಗಿರುವಾಗ ಡಂಗುರ ಸಾರುವವರು ಯಾರು? ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಪಂಡಿತರಲ್ಲ, ರಾಜಸ್ಥಾನದ ಬಡ ಕೂಲಿಕಾರರು. ಬರಗಾಲದ ಕಾಮಗಾರಿಗಳಲ್ಲಿ ದುಡಿದರೂ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, ಪುಸ್ತಕದಲ್ಲಿ ನೀವು ಅಷ್ಟೇ ಕೆಲಸ ಮಾಡಿದ್ದೀರಿ ಎನ್ನುತ್ತಿದ್ದರು. ಪುಸ್ತಕ ತೋರಿಸಿರಿ ಎಂದರೆ, ಅದು ಸರಕಾರದ ಗುಟ್ಟು! 1990ರಲ್ಲಿ ಅವರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘ ಕಟ್ಟಿಕೊಂಡರು. ಐ.ಎ.ಎಸ್. ಹುದ್ದೆ ಬಿಟ್ಟು ಬಂದ ಅರುಣಾ ರಾಯ್ ಎಂಬ ತಾಯಿ, ನಿಖಿಲ್ ಡೇ, ಶಂಕರ್ ಸಿಂಗ್ ಅವರ ಜೊತೆಗಿದ್ದರು. 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ ಜನಸುನವಾಯಿ ನಡೆಯಿತು. ಹೇಗೋ ಸಂಪಾದಿಸಿದ ಕೂಲಿಪಟ್ಟಿಗಳನ್ನು ಊರ ಜನರ ಮುಂದೆ ಗಟ್ಟಿಯಾಗಿ ಓದಿದರು, ಅಷ್ಟೇ. ಇಂಥವರು ಇಷ್ಟು ದಿನ ಕೆಲಸ ಮಾಡಿದರೆಂದು ಓದುವುದು, ಆ ಇಂಥವರು ಎದ್ದು ನಿಂತು, ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲವಲ್ಲ ಎನ್ನುವುದು. ಭಾಷಣ ಬೇಕಾಗಲಿಲ್ಲ.

1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು ಧರಣಿ ಕುಳಿತರು, ನಲವತ್ತು ದಿನ. ನಮ್ಮ ದುಡ್ಡು, ನಮಗೆ ಲೆಕ್ಕ ಎಂಬುದು ಅವರ ಕೂಗು. 2000ದಲ್ಲಿ ರಾಜಸ್ಥಾನದಲ್ಲಿ ಕಾನೂನಾಯಿತು, ಅದೇ ವರ್ಷ ನಮ್ಮ ಕರ್ನಾಟಕವೂ ಒಂದು ಕಾನೂನು ಮಾಡಿತು. ಇಡೀ ದೇಶಕ್ಕೆ ಅನ್ವಯಿಸುವ ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಗೆ ಬಂತು. ಈ ಟ್ರಾಕ್ಟರ್ ಭಕ್ತರ ಕೈಯಲ್ಲಿದ್ದ ಆ ಹಾಳೆ ಅಲ್ಲಿಂದ ಬಂದದ್ದು. ನಾವು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು ಅದನ್ನೇ.

ಇದೇನೋ ಸರಕಾರದ ಮಾತಾಯಿತು. ಕಂಪನಿಗಳನ್ನು ಕೇಳುವವರಾರು ಎನ್ನಬಹುದು. ದೂರ ಹೋಗಬೇಕಾಗಿಲ್ಲ. ನಮ್ಮದೇ ಸೀಮೆಯಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದದ್ದನ್ನು ಇಲ್ಲಿ ಕುಳಿತ ಹಿರಿಯರಲ್ಲಿ ಕೆಲವರಾದರೂ ಬಲ್ಲರು. 1984ರಲ್ಲಿ ಸರಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬುದನ್ನು ಹುಟ್ಟುಹಾಕಿದವು. ರೇಯಾನ್ ತಿರುಳಿಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸರಕಾರಿ ಜಮೀನು ಕೊಡುವುದೆಂದು ಒಪ್ಪಂದ. ಕಾಗದದಲ್ಲಿ ಅದು ಸಿ ಮತ್ತು ಡಿ ದರ್ಜೆಯ ಪಾಳು ಜಮೀನು. ಊರಿನವರಿಗೆ ಅದು ದನ ಮೇಯುವ ಜಾಗ, ಉರುವಲು ಆಯುವ ಜಾಗ, ಮೇವು ಕೊಯ್ಯುವ ಜಾಗ. ದನ ಕಟ್ಟಿದವರಿಗೆ ಪಾಳು ಎಂಬ ಶಬ್ದದ ಅರ್ಥ ಬೇರೆ. ನೀಲಗಿರಿಯ ಎಲೆಯನ್ನು ಆಡು ಕೂಡ ಮೂಸುವುದಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್. ಆರ್. ಹಿರೇಮಠ ಅವರು ಮತ್ತು ಅವರ ಸಂಗಡಿಗರು, ಈ ಜನರ ಬೆನ್ನಿಗೆ ನಿಂತರು. ಡಾ. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. ಕಟ್ಟಕಡೆಗೆ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸತ್ಯಾಗ್ರಹ ನಡೆಯಿತು. ಅದಕ್ಕೆ ಅವರಿಟ್ಟ ಹೆಸರು ಬಹಳ ಸೊಗಸಾಗಿದೆ: 'ಕಿತ್ತಿಕೋ-ಹಚ್ಚಿಕೋ'. ಕಂಪನಿಯ ನೀಲಗಿರಿ ಸಸಿಗಳಲ್ಲಿ ಕೆಲವನ್ನು ಸಾಂಕೇತಿಕವಾಗಿ ಕಿತ್ತು, ಆ ಕುಣಿಯಲ್ಲಿಯೇ ಊರಿಗೆ ಹಣ್ಣು, ಮೇವು ಕೊಡುವ ಸಸಿ ಹಚ್ಚಿದರು. ಗಮನಿಸಿರಿ, ಬೆಂಕಿ ಹಚ್ಚಲಿಲ್ಲ, ಕಲ್ಲು ಒಗೆಯಲಿಲ್ಲ. ಕಿತ್ತು ಸುಮ್ಮನೆ ಮನೆಗೂ ಹೋಗಲಿಲ್ಲ. ಒಕ್ಕಲುತನ ಗೊತ್ತಿದ್ದವರ ಸತ್ಯಾಗ್ರಹ ಅದು. ಖಾಲಿ ಕುಣಿ ಬಿಟ್ಟು ಎದ್ದು ಹೋಗಲು ಒಕ್ಕಲಿಗನ ಕೈ ಒಪ್ಪುವುದಿಲ್ಲ. ಮುಂದೆ ನಾಲ್ಕು ವರ್ಷದ ಮೇಲೆ, 1991ರಲ್ಲಿ, ಸರಕಾರ ಆ ಜಂಟಿ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಬಳ್ಳಾರಿಯ ಅದಿರಿನ ಕಥೆಯೂ ಅದೇ ಸಮುದಾಯದ ಅರ್ಜಿಯಿಂದ ಬಯಲಿಗೆ ಬಂತು. 2009ರಲ್ಲಿ ಅರ್ಜಿ, 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ, ಎರಡು ದಿನಕ್ಕೆ, 29ರಂದು, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ. ಆ ದಿನಗಳಲ್ಲಿ ನಮ್ಮ ಸಮಾಜದವರು, ಮಠಾಧೀಶರಲ್ಲಿ ಹಲವರು, ಏನು ಮಾತನಾಡಿದರೆಂದು ಪತ್ರಿಕೆಗಳಲ್ಲಿ ಉಳಿದಿದೆ. ಅದಿರು ಎಷ್ಟು ಹೋಯಿತು ಎಂದು ಕೇಳುವ ಮೊದಲು, ಹೆಸರು ಬಂದವರು ನಮ್ಮವರೋ ಬೇರೆಯವರೋ ಎಂದು ಕೇಳಿದೆವು. ನಾವೂ ಅಂದು ಸುಮ್ಮನಿದ್ದವರೇ. ಈ ಮಾತನ್ನು ಇಲ್ಲಿಗೆ ಬಿಡುತ್ತೇವೆ. ಹೆಚ್ಚು ಹೇಳಿದರೆ ರಾಜಕೀಯವಾಗುತ್ತದೆ.

ಒಂದು ಉಪಯುಕ್ತ ಸಂಗತಿಯನ್ನು ಮಾತ್ರ ಹೇಳಿಬಿಡುತ್ತೇವೆ, ತರುಣರು ಗಮನವಿಟ್ಟು ಕೇಳಬೇಕು. ಮಾಹಿತಿ ಹಕ್ಕು ಖಾಸಗಿ ಕಂಪನಿಗೆ ನೇರವಾಗಿ ತಾಗುವುದಿಲ್ಲ. ಆದರೆ ಆ ಕಂಪನಿಯ ಕಾಗದಗಳು ಮಾಲಿನ್ಯ ಮಂಡಳಿಯಲ್ಲಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಇರುತ್ತವೆ. ಕಾನೂನಿನ ಪ್ರಕಾರ ಆ ಕಚೇರಿ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಅಲ್ಲಿಂದ ಕೇಳಬಹುದು. ದೊಡ್ಡ ಕಾರಖಾನೆ, ದೊಡ್ಡ ಗಣಿ ಬರುವ ಮುಂಚೆ 2006ರ ಅಧಿಸೂಚನೆಯಂತೆ ಸ್ಥಳದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆಂದಿದೆ. ಅಲ್ಲಿ ಆಡಿದ ಮಾತು ದಾಖಲಾಗುತ್ತದೆ. ಈ ಸಭೆಗಳಿಗೆ ನಮ್ಮ ಜನ ಹೋಗುವುದಿಲ್ಲ. ಕಂಪನಿಯವರು ಬಸ್ಸು ಮಾಡಿ ಕರೆತಂದವರು ಊಟ ಮಾಡಿ ಹೋಗುತ್ತಾರೆ. ಆಮೇಲೆ ಹಳ್ಳದ ನೀರು ಬಣ್ಣ ತಿರುಗಿದಾಗ ಮಠಕ್ಕೆ ಬಂದು, ಅಜ್ಜಾರ ಏನು ಮಾಡೂದ್ರಿ ಎನ್ನುತ್ತೀರಿ. ಸಭೆಯ ದಿನ ಹೋಗಿರಿ.

ಈ ದಾರಿ ಸುಖದ್ದೆಂದು ನಾವು ಹೇಳಲಾರೆವು. ಹೆದ್ದಾರಿಯ ಕೆಲಸದಲ್ಲಿ ನಡೆದ ಅವ್ಯವಹಾರವನ್ನು ಪ್ರಧಾನಿಯ ಕಚೇರಿಗೆ ಬರೆದು ತಿಳಿಸಿದ್ದ ತರುಣ ಇಂಜಿನಿಯರ್ ಸತ್ಯೇಂದ್ರ ದುಬೆಯವರನ್ನು 2003ರ ನವೆಂಬರ್‌ನಲ್ಲಿ ಗಯೆಯಲ್ಲಿ ಗುಂಡಿಟ್ಟು ಕೊಂದರು. ತನ್ನ ಹೆಸರನ್ನು ಹೊರಗೆ ಬಿಡಬೇಡಿರೆಂದು ಅವರು ಬೇಡಿಕೊಂಡಿದ್ದರು, ಹೆಸರು ಹೊರಬಿತ್ತು. ಪುಣೆಯ ಹತ್ತಿರ ಭೂವ್ಯವಹಾರಗಳನ್ನು ಬಯಲಿಗೆಳೆದ ಸತೀಶ ಶೆಟ್ಟಿಯವರನ್ನು 2010ರ ಜನವರಿಯಲ್ಲಿ, ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಕೊಂದರು. ಇಂಥವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು, ಆದರೆ ಅದನ್ನು ಜಾರಿಗೆ ತರುವ ದಿನಾಂಕವನ್ನು ವರ್ಷಗಟ್ಟಲೆ ಸಾರಲೇ ಇಲ್ಲ. ಇದೇ ಹಕ್ಕನ್ನು ಹಿಡಿದು ಅಧಿಕಾರಿಗಳನ್ನು ಬೆದರಿಸಿ ಹಣ ಕೀಳುವ ಜನರೂ ಇದ್ದಾರೆ. ಅವರ ಕಾಟವನ್ನು ಒಬ್ಬ ಪ್ರಾಮಾಣಿಕ ಪಿ.ಡಿ.ಓ. ನಮ್ಮೆದುರು ಹೇಳಿಕೊಂಡು ಕಣ್ಣೀರಿಟ್ಟರು. ಅದೂ ಕಳವೇ. ಆದರೆ ಅಂಥ ನಾಲ್ವರನ್ನು ತೋರಿಸಿ ಕೇಳುವವರೆಲ್ಲರ ಬಾಯಿ ಮುಚ್ಚಿಸುವುದು, ಕಳ್ಳಸ್ವಾಮಿಗಳನ್ನು ತೋರಿಸಿ ಮಠಗಳಿಗೆಲ್ಲ ಬೀಗ ಹಾಕಿದ ಹಾಗೆ. (ನಗು) ನೀವು ನಗುತ್ತೀರಿ. ಹಾಕಬೇಕೆನ್ನುವವರೂ ಇದ್ದಾರೆ, ಅವರನ್ನೂ ಕೇಳಿಸಿಕೊಳ್ಳಬೇಕು.

ಮತ್ತೆ ಆ ಭಕ್ತರ ಮಾತಿಗೆ ಬರುತ್ತೇವೆ. 2024ರ ಬೇಸಗೆಯಲ್ಲಿ ಒಂದು ಸಂಜೆ ನಾವೇ ಅವರ ಮನೆಗೆ ಹೋದೆವು. ಪಾದಪೂಜೆಗೆ ನೀರು ತರಲು ಹೊರಟ ಅವರ ಮನೆಯವರನ್ನು ತಡೆದು, ಇಂದು ನಾವು ಬಂದದ್ದು ಅದಕ್ಕಲ್ಲ ಎಂದೆವು. ತಪ್ಪಾಯಿತೆಂದು ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮತ್ತೆ ದೂರು ಕೊಡುವಿರಾ ಎಂದು ಕೇಳಿದರೆ ಬೇಡವೆಂದರು. "ಒಮ್ಮೆ ಬರದು ಒಮ್ಮೆ ಸುಳ್ಳಂತ ಬರಕೊಟ್ಟೀನ್ರಿ. ಇನ್ನ ನನ್ನ ಮಾತು ಯಾರು ನಂಬ್ತಾರ್ರಿ?" ನಾವು ಅವರಿಂದ ಕಿತ್ತುಕೊಂಡದ್ದು ಏನೆಂಬುದು ಆಗ ಪೂರ್ತಿಯಾಗಿ ತಿಳಿಯಿತು. ಹಣವಲ್ಲ, ಬಾಡಿಗೆಯಲ್ಲ. ಅವರ ಮಾತಿನ ಬೆಲೆ.

ಆದ್ದರಿಂದ ಆ ದೂರನ್ನು ನಾವೇ ಬರೆದೆವು. ಹಿಂದಿನ ದೂರು ಸುಳ್ಳಾಗಿರಲಿಲ್ಲ, ಅದನ್ನು ಹಿಂದಕ್ಕೆ ಪಡೆಯಲು ಒತ್ತಾಯಿಸಿದವರು ನಾವು ಎಂದು ಅದರಲ್ಲಿ ಬರೆದು ರುಜು ಹಾಕಿದೆವು. ಹಿಂದಿನ ದೂರಿನ ಮೇಲೆ ಏನು ಕ್ರಮವಾಗಿತ್ತೆಂದು ತಿಳಿಯಲು, ಅಳತೆ ಪುಸ್ತಕದ ನಕಲಿಗಾಗಿ, ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆವು. ಕಾಶಿಯ ಆಚಾರ್ಯ ಪದವಿ ಪಡೆದವರಿಗೆ 150 ಶಬ್ದಗಳೊಳಗೆ ಒಂದೇ ವಿಷಯದ ಅರ್ಜಿ ಬರೆಯಲು ಬರಲಿಲ್ಲ; ಆ ಭಕ್ತರ ಮಗಳೇ ತಿದ್ದಿಕೊಟ್ಟಳು. ಕಾನೂನಿನಲ್ಲಿ 30 ದಿನದ ಗಡುವಿದೆ. 30 ದಿನ ಕಳೆದರೂ ಉತ್ತರವಿಲ್ಲ. ಸ್ವಾಮಿಗಳ ಅರ್ಜಿಗೂ ಉತ್ತರವಿಲ್ಲವೇ ಎಂದು ನಮ್ಮ ಪರಿವಾರದವರಿಗೆ ಸಿಟ್ಟು ಬಂತು. ನಮಗೆ ಒಳಗೊಳಗೆ ಸಮಾಧಾನವೇ ಆಯಿತು. ಎಲ್ಲರಿಗೂ ಕೊಟ್ಟ ನೀರನ್ನೇ ನಮಗೂ ಕುಡಿಸಿದರಲ್ಲ ಎಂದು. ಮೊದಲ ಮೇಲ್ಮನವಿ ಹಾಕಿದ ಮೇಲೆ ಕಾಗದ ಬಂತು. ಗ್ರಾಮಸಭೆಯಲ್ಲಿ ಬಿಲ್ಲನ್ನು ಸಾಲುಸಾಲಾಗಿ ಓದಿಸಿದೆವು. ಓದುತ್ತ ಹೋದಂತೆ ಇನ್ನೂ ಮೂವರು ಟ್ರಾಕ್ಟರಿನವರು ಎದ್ದು, ನಮ್ಮ ನಂಬರೂ ಇದರಾಗ ಐತಿ, ಅಷ್ಟು ಟ್ರಿಪ್ ನಾವು ಹೊಡದಿಲ್ಲ ಎಂದರು. ಎರಡು ವರ್ಷ ಅವರೂ ಸುಮ್ಮನಿದ್ದರು. ಒಬ್ಬರು ಗೆದ್ದರೆ ಏಳೋಣವೆಂದಿದ್ದರಂತೆ. ಆ ಒಬ್ಬರನ್ನು ನಾವು ಕುಳ್ಳಿರಿಸಿದ್ದೆವು.

2025ರಲ್ಲಿ ವಸೂಲಿಗೆ ಆದೇಶವಾಯಿತು. ಗುತ್ತಿಗೆದಾರರು ಅದರ ಮೇಲೆ ಅಪೀಲು ಹೋಗಿದ್ದಾರೆ. ಅದು ಅವರ ಹಕ್ಕು. ಹೂಳು ಇನ್ನೂ ಕೆರೆಯಲ್ಲಿದೆ. ಅವರೊಮ್ಮೆ ರಾತ್ರಿ ಒಬ್ಬರೇ ಬಂದು ನಮ್ಮೆದುರು ಕುಳಿತು, ಟೆಂಡರಿನಿಂದ ಬಿಲ್ಲಿನವರೆಗೆ ಯಾರಾರಿಗೆ ಎಷ್ಟೆಷ್ಟು ಕೊಡಬೇಕಾಯಿತೆಂದು ಬೆರಳೆಣಿಸಿ ಹೇಳಿದರು. "ಎಲ್ಲಾರೂ ಉಂಡಾರ್ರಿ ಅಜ್ಜಾರ, ಎಂಜಲ ಎಲಿ ಎತ್ತಾಂವ ನಾ ಒಬ್ಬನ ಆದೆ" ಎಂದರು. ಅದನ್ನು ನಾವು ಸುಳ್ಳೆನ್ನುವುದಿಲ್ಲ. ಬರೆದುಕೊಡಿರಿ ಎಂದೆವು. ಇನ್ನೂ ಬರೆದುಕೊಟ್ಟಿಲ್ಲ. ಅವರ ಮೇಲೆ ನಮಗೆ ಸಿಟ್ಟಿಲ್ಲ, ಮಠದ ಬಾಗಿಲು ಅವರಿಗೆ ಮುಚ್ಚಿಲ್ಲ. ಈ ಹೊತ್ತು ಸಭೆಯಲ್ಲಿದ್ದರೆ ಮುಂದೆ ಬಂದು ಕುಳಿತುಕೊಳ್ಳಲಿ.

ಇನ್ನೊಂದು ಮಾತು ಉಳಿದಿದೆ. ಹೇಳಲು ಕಷ್ಟವಾದ ಮಾತು. ನೀವು ಕುಳಿತಿರುವ ಈ ದಾಸೋಹ ಭವನದ ನೆಲಹಾಸಿನ ಕಲ್ಲು ಅವರ ಸೇವೆ. ಅದೇ 2022ರಲ್ಲಿ ಹಾಕಿಸಿದ್ದು. ಕೆರೆಯ ಹಣ ಇದರಲ್ಲಿ ಸೇರಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಅಂದು ಕೇಳಲಿಲ್ಲ. ಲಕ್ಕಮ್ಮ ತಾಯಿಯಾಗಿದ್ದರೆ ಕೇಳುತ್ತಿದ್ದರು. ಅವರು ನಮ್ಮ ಬಳಿ ಬಂದು ಒಂದು ಮಾತು ಹೇಳಿರೆಂದಾಗ, ಈ ಕಲ್ಲು ನಮ್ಮ ನಾಲಿಗೆಯ ಮೇಲೆ ಕುಳಿತಿತ್ತು ಎಂಬುದನ್ನು ಮಾತ್ರ ನಾವು ಬಲ್ಲೆವು. ಕಲ್ಲನ್ನು ಕೀಳಿಸಬೇಕೆಂದು ಸಮಿತಿಯಲ್ಲಿ ಕೆಲವರ ಅಭಿಪ್ರಾಯ; ಪ್ರಸಾದವಾಗುವ ನೆಲವನ್ನು ಅಗೆಯಬಾರದೆಂದು ಕೆಲವರದು. ಅದರ ಬೆಲೆಯಷ್ಟು ಹಣವನ್ನು ಆ ಊರಿನ ಕೆರೆಗೆ ಮಠದಿಂದ ಕೊಡಬೇಕೆಂಬುದು ನಮ್ಮ ಸೂಚನೆ. ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಅಭಿಪ್ರಾಯವನ್ನು ಬರೆದು ಕಚೇರಿಯಲ್ಲಿ ಕೊಡಿರಿ.

ನಾವು ತಪ್ಪೊಪ್ಪಿಕೊಂಡ ಆ ಸಂಜೆ, ಹೊರಡುವ ಹೊತ್ತಿಗೆ, ಆ ಭಕ್ತರು ಬಾಗಿಲವರೆಗೆ ಬಂದು ಹಿಂಜರಿಯುತ್ತಲೇ ಕೇಳಿದರು: "ಅಜ್ಜಾರ, ತಪ್ಪು ತಿಳಿಬ್ಯಾಡ್ರಿ. ಮಠದ ಲೆಕ್ಕ ಯಾರು ನೋಡ್ತಾರ್ರಿ?" ಲೆಕ್ಕಪರಿಶೋಧಕರು ನೋಡುತ್ತಾರೆ ಎಂದೆವು. "ಅವರು ಪುಸ್ತಕ ನೋಡ್ತಾರ್ರಿ. ಉಂಡಾವ್ರು ಯಾರು ನೋಡ್ತಾರ್ರಿ?" ಎಂದರು. ನಮಗಿಂತ ಹಿಂದಿನ ಗುರುಗಳು ಜೋಳಿಗೆ ಹಿಡಿದು ಊರೂರು ತಿರುಗಿದಾಗ ಯಾವ ಮನೆಯಿಂದ ಎಷ್ಟು ಜೋಳ ಬಂತೆಂದು ಇಡೀ ಊರಿಗೆ ಗೊತ್ತಿರುತ್ತಿತ್ತು. ಈಗ ಬ್ಯಾಂಕಿನ ಮೂಲಕ ಬರುತ್ತದೆ. ಬಂದದ್ದು ನಮಗೂ ಗುಮಾಸ್ತರಿಗೂ ಮಾತ್ರ ಗೊತ್ತು.

ಈ ಸಲ ಜಾತ್ರೆಯ ಮತ್ತು ವರ್ಷದ ದಾಸೋಹದ ಜಮಾಖರ್ಚನ್ನು ಬರೆಯಿಸಿ ಅಡಿಗೆಮನೆಯ ಹೊರಗೋಡೆಗೆ ಅಂಟಿಸಿದ್ದೇವೆ. ಅಕ್ಕಿ, ಬೇಳೆ, ಎಣ್ಣೆ, ಉರುವಲು, ಕಾಣಿಕೆ, ಎಲ್ಲ. ಎರಡು ದಿನದಲ್ಲಿಯೇ ಅಡಿಗೆಯ ತಾಯಂದಿರು ಎಣ್ಣೆಯ ಲೆಕ್ಕದಲ್ಲಿ ಡಬ್ಬಿಗಳು ಹೆಚ್ಚು ಬಿದ್ದಿವೆಯೆಂದು ತೋರಿಸಿದರು. ಗುಮಾಸ್ತರ ಕೈತಪ್ಪೋ, ಬೇರೇನೋ, ನೋಡುತ್ತಿದ್ದೇವೆ. ಇಂದು ಆ ಲೆಕ್ಕವನ್ನು ಇಲ್ಲಿಯೇ ಓದಲಾಗುತ್ತದೆ. ಓದುವವರು ಆ ಟ್ರಾಕ್ಟರಿನ ಭಕ್ತರು. ಒಪ್ಪಿಸಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಪ್ರಸಾದವಾದ ಮೇಲೆ ಯಾರೂ ಎದ್ದು ಹೋಗಬೇಡಿರಿ. ದೂರದ ಊರಿನವರಿಗೆ ಹತ್ತು ಗಂಟೆಯವರೆಗೆ ಬಸ್ಸಿದೆ ಎಂದು ಕಾರ್ಯಕರ್ತರು ಹೇಳಿದ್ದಾರೆ.